ದಾನದ ಪಂಚೆಯಲ್ಲಿ ಕಟ್ಟಿದ ಹೊಟ್ಟೆ

ಸೊಸೆಗೆ ಎರಡನೇ ಹೆರಿಗೆಯಾದಾಗ ಬಾಣಂತನ ನನ್ನ ಪಾಲಿಗೆ ಬಂತು. ನನ್ನ ಓದು ಮೂರನೇ ಕ್ಲಾಸಿಗೆ ನಿಂತಿದ್ದು. ಆದರೆ ಬಾಣಂತಿಯ ಹೊಟ್ಟೆ ಕಟ್ಟುವುದಕ್ಕೆ ಗಂಗೆಯ ದಡದ ಹನುಮಾನ್ ಘಾಟಿನಲ್ಲಿ ನೆಲೆಸಿದ ನಮ್ಮ ಕನ್ನಡದವರ ಮನೆಗಳಲ್ಲೆಲ್ಲ ನನ್ನನ್ನೇ ಕರೆಯುತ್ತಿದ್ದರು.

ನಮ್ಮ ಮನೆಯ ಗಂಡಸರದು ಊರಕಡೆಯಿಂದ ಬರುವ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವ ಕೆಲಸ. ದಾನಕ್ಕೆ ಬಂದ ಪಂಚೆಗಳು ಮನೆಯಲ್ಲಿ ರಾಶಿ ಬಿದ್ದಿರುತ್ತವೆ. ಗಂಜಿ ಬಿಡುವ ತನಕ ಒಗೆದು, ಉದ್ದಕ್ಕೆ ಮಡಿಸಿ, ಅದರಲ್ಲೇ ಕಟ್ಟುವುದು. ನನ್ನ ಅತ್ತೆ ನನಗೆ ಮೊಣಕಾಲು ಊರಿ ಎಳೆದು ಕಟ್ಟಿದ್ದಳು. ನಾನೂ ಹಾಗೇ ಎಳೆದೆ.

"ಉಸಿರಾಡೋಕೆ ಆಗ್ತಿಲ್ಲ ಅತ್ತೆ."

"ಮೊದಲು ಹೊಟ್ಟೆ ಒಳಗೆ ಹೋಗಲಿ. ಉಸಿರು ಎಲ್ಲೂ ಹೋಗಲ್ಲ."

ಹದಿನಾರನೇ ದಿನ ಅವಳು ಬಚ್ಚಲಿನಿಂದ ಕರೆದಳು. ಗೋಡೆ ಹಿಡಿದು ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ.

"ಕೆಳಗೆ ಏನೋ ಜಾರಿ ಬಂದಿದೆ ಅತ್ತೆ. ಕೈಗೆ ಸಿಗ್ತಿದೆ."

"ಅಷ್ಟೇನಾ? ಒಳಗೆ ತಳ್ಳಿ ಬಟ್ಟೆ ಇಟ್ಕೋ. ನನಗೂ ಇದೆ."

"ನಿಮಗೂ ಅಂದ್ರೆ? ಯಾವಾಗಿಂದ?"

"ನಿನ್ನ ಗಂಡ ಹುಟ್ಟಿದಾಗಿಂದ."

ಅವಳು ತನ್ನದನ್ನು ಮರೆತು ನನ್ನನ್ನೇ ನೋಡಿದಳು. ಹೆಣವನ್ನು ನೋಡುವ ಹಾಗೆ ನೋಡಿದಳು. ನನಗೆ ಮೊದಲು ದಿಗಿಲಾದದ್ದು ಆ ನೋಟಕ್ಕೆ. ಹೆತ್ತವಳ ಒಳಗಿನದು ಇಳಿಯುತ್ತದೆ, ವಯಸ್ಸಾದರೆ ಹಲ್ಲು ಬೀಳುವ ಹಾಗೆ, ಅಂದುಕೊಂಡೇ ನಾನು ನಲವತ್ತು ವರ್ಷ ಕಳೆದಿದ್ದೆ.

ಕೂಸನ್ನು ಮಗನ ಕೈಗೆ ಕೊಟ್ಟು, ಟೋಟೋ ರಿಕ್ಷಾ ಹತ್ತಿ ಆಸ್ಪತ್ರೆಗಳಿರುವ ಲಂಕಾ ಬಡಾವಣೆಗೆ ಹೋದೆವು. ಗುಂಡಿ ಬಂದಾಗಲೆಲ್ಲ ಸೊಸೆ ಸೀಟಿನಿಂದ ಮೇಲೆದ್ದು ಕೂರುತ್ತಿದ್ದಳು. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಪಂಚೆ ಬಿಚ್ಚಿಸಿದಳು. ಸೊಸೆಯ ಸೊಂಟದ ಸುತ್ತ ಹಗ್ಗ ಕಟ್ಟಿದ ದನದ ಕತ್ತಿನಂತೆ ಬರೆ ಎದ್ದಿತ್ತು. ನಾನು ದಿನಾ ಕಟ್ಟಿದವಳು, ಒಂದು ದಿನವೂ ಅದನ್ನು ಕಂಡಿರಲಿಲ್ಲ.

"ಮೇಲಿನಿಂದ ಹೀಗೆ ಹಿಂಡಿದರೆ ಒಳಗಿನದು ಎಲ್ಲಿಗೆ ಹೋಗಬೇಕು ಅಮ್ಮಾಜಿ? ಕೆಳಕ್ಕೇ ತಾನೆ?" ಎಂದು ಹಿಂದಿಯಲ್ಲಿ ಕೇಳಿದಳು. ಗರ್ಭಕೋಶ ಹೆರಿಗೆಯಲ್ಲೇ ಸಡಿಲಾಗಿರುತ್ತದೆ, ಈ ಕಟ್ಟು ಇನ್ನಷ್ಟು ನೂಕಿದೆ ಎಂದಳು.

ಎಷ್ಟು ಮನೆಯ ಹೆಣ್ಣುಮಕ್ಕಳಿಗೆ ಕಟ್ಟಿದ್ದೆ.

ಸೊಸೆ, "ಇವರನ್ನೂ ನೋಡಿ ಮೇಡಂ" ಎಂದಳು. ನಾನು ಎದ್ದೆ. ಅವಳು ನನ್ನ ಸೆರಗು ಹಿಡಿದುಕೊಂಡಳು. ಡಾಕ್ಟರು ನೋಡಿ, ಕೈ ತೊಳೆದು ಬಂದು, "ಇಷ್ಟು ವರ್ಷ ಘಾಟಿನ ಮೆಟ್ಟಿಲು ಹೇಗೆ ಹತ್ತಿದಿರಿ?" ಎಂದಳು.

"ಒಂದು ಕೈಯಲ್ಲಿ ಗಂಗೆಯ ಕೊಡ, ಇನ್ನೊಂದು ಕೈಯಲ್ಲಿ ಅದು."

ಅವಳು ನಗಲಿಲ್ಲ. ಸೊಸೆಯದು ಪೂರ್ತಿ ಇಳಿದಿಲ್ಲ, ಭಾರ ಎತ್ತದೆ ಹೇಳಿದ ವ್ಯಾಯಾಮ ಮಾಡಿದರೆ ಮೇಲೆ ಹೋಗಬಹುದು ಎಂದಳು. ನನಗೆ ಜಾರದಂತೆ ತಡೆಯುವ ಒಂದು ರಬ್ಬರ್ ರಿಂಗನ್ನು ಒಳಗೆ ಹಾಕಿದಳು. ಹೊರಗೆ ಬಂದು ಎರಡೂ ಕೈ ಬೀಸಿಕೊಂಡು ನಡೆದೆ. ನಲವತ್ತು ವರ್ಷದ ಕೆಲಸ ಅರ್ಧ ಗಂಟೆಯಲ್ಲಿ ಮುಗಿದಿತ್ತು. ಸಂತೋಷ ಆಗಲಿಲ್ಲ, ಸಿಟ್ಟು ಬಂತು.

ಆ ದಾರಿಯಲ್ಲೇ ನನ್ನ ಅತ್ತೆ ನೆನಪಾದಳು. ಅವಳ ಬಟ್ಟೆಚೂರುಗಳು ಹಗ್ಗದ ಮೂಲೆಯಲ್ಲಿ ಬೇರೆಯಾಗಿ ಒಣಗುತ್ತಿದ್ದವು. ಯಾರೂ ಮುಟ್ಟುವಂತಿರಲಿಲ್ಲ. ನಾನು ಮಡಿ ಅಂದುಕೊಂಡಿದ್ದೆ.

ಮೂರು ತಿಂಗಳು ನಾನೂ ಸೊಸೆಯೂ ಬೆಳಿಗ್ಗೆ ಒಂದೇ ಚಾಪೆಯಲ್ಲಿ ಅಂಗಾತ ಮಲಗಿ, ಮೂತ್ರ ತಡೆಯುವ ಹಾಗೆ ಒಳಕ್ಕೆ ಎಳೆದು ಬಿಡುವ ವ್ಯಾಯಾಮ ಮಾಡಿದೆವು. "ಇಬ್ಬರೂ ಯಾಕೆ ಮಲಗಿದ್ದೀರಿ?" ಎಂದ ಮಗ. "ನೀನು ಹುಟ್ಟಿದ್ದಕ್ಕೆ" ಎಂದೆ. ನಾಲ್ಕನೇ ತಿಂಗಳು ಸೊಸೆ ಬಚ್ಚಲಿನಿಂದ ಬಂದು, "ಕೈಗೆ ಸಿಗ್ತಿಲ್ಲ ಅತ್ತೆ" ಎಂದಳು. ನಾನು ಹೋಗಿ ಕಾಫಿಗೆ ಇಟ್ಟೆ.

ಮೊನ್ನೆ ಪಕ್ಕದ ಮನೆಯವಳು ಮಗಳ ಹೆರಿಗೆಗೆಂದು ನನ್ನನ್ನು ಕರೆಯಲು ಬಂದಿದ್ದಳು. ನಾನು ಇನ್ನು ಕಟ್ಟುವುದಿಲ್ಲ ಎಂದೆ. ಯಾಕೆ ಎಂದು ಹೇಳಿದೆ, ನನ್ನದನ್ನೂ ಸೇರಿಸಿ. ಅವಳು ಎದ್ದು ಹೋಗಿ ಬೀದಿಬಾಗಿಲು ಹಾಕಿದಳು. ಅಗುಳಿ ಸರಿಸಿ, ವಾಪಸ್ ಬಂದು, ನನ್ನ ಪಕ್ಕದಲ್ಲಿ, ನಲವತ್ತು ವರ್ಷ ನಾನು ಕೂತ ಹಾಗೆಯೇ ಒಂದು ಕಡೆಗೆ ವಾಲಿಕೊಂಡು, ನಿಧಾನವಾಗಿ ಕೂತಳು.