ಬಾರದ ನೀಲಿ ಅಕ್ಷರ

ವಿಮಾನ ಹಾರಿಸುವ ಕೆಲಸದಿಂದ ನಿವೃತ್ತನಾದ ಎರಡನೇ ವರ್ಷ ನಾನು ಕೊಯಮತ್ತೂರಿನ ಶರವಣಂಪಟ್ಟಿಯಲ್ಲಿ ಒಂದು ತರಬೇತಿ ಕೇಂದ್ರದ ಸಿಮ್ಯುಲೇಟರ್ ಬೋಧಕನಾಗಿದ್ದೆ. ಸಿಮ್ಯುಲೇಟರ್ ಅಂದರೆ ನೆಲ ಬಿಟ್ಟು ಏಳದ ಕಾಕ್‌ಪಿಟ್. ಗಾಜಿನಾಚೆ ಆಕಾಶದ ಬದಲು ಪರದೆ. ಬೆಳಿಗ್ಗೆ ಐಟಿ ಕಂಪನಿಗಳ ಬಸ್ಸುಗಳ ಹಿಂದೆ ತೆವಳಿಕೊಂಡು ಬರುವುದು, ಎಸಿ ಚಳಿಗೆ ಮಫ್ಲರ್ ಸುತ್ತಿಕೊಂಡು ದಿನವಿಡೀ ಒಂದೇ ರನ್‌ವೇಗೆ ಇಳಿಸುವುದು. ಸೊಂಟ ಹಿಡಿದುಹೋಗಿತ್ತು. ಮಕ್ಕಳ ಉತ್ಸಾಹ ನೋಡಿದರೂ ಆಯಾಸವಾಗುವ ವಯಸ್ಸು ನನ್ನದು.

ಆ ವರ್ಷದ ತರಬೇತಿ ತಂಡದಲ್ಲಿ ಕೌಸಲ್ಯಾ ಎಂಬ ಹುಡುಗಿಯಿದ್ದಳು. ಆನೈಮಲೈ ಕಡೆಯ ತೆಂಗಿನ ತೋಟದವರು. ತಲೆಮಾರುಗಳಿಂದ ಅಲ್ಲೇ ನೆಲೆಸಿದ್ದರೂ ನಮ್ಮ ಹಾಗೆ ಮನೆಯೊಳಗೆ ಕನ್ನಡ. ವಿಮಾನ ಕಂಪನಿಯೊಂದರ ಸಿಮ್ಯುಲೇಟರ್ ಪರೀಕ್ಷೆಯಲ್ಲಿ ಅವಳು ಒಮ್ಮೆ ಫೇಲಾಗಿದ್ದಳು. ಎರಡನೆಯ ಪರೀಕ್ಷೆ ಮುಂದಿನ ಶನಿವಾರ. ಅದರಲ್ಲೂ ಫೇಲಾದರೆ ಆಯ್ಕೆಪಟ್ಟಿಯಿಂದ ಹೆಸರು ಹೋಗುತ್ತಿತ್ತು. ಪರೀಕ್ಷೆಗೆ ಕಳುಹಿಸಬೇಕಾದರೆ ಬೋಧಕನ ಶಿಫಾರಸು ಬೇಕು, ಬೋಧಕ ನಾನು.

ಇಲ್ಲಿ ಸ್ವಲ್ಪ ತಾಂತ್ರಿಕ ಮಾತು ಹೇಳದೆ ವಿಧಿಯಿಲ್ಲ. ರನ್‌ವೇಯಿಂದ ಎರಡು ರೇಡಿಯೋ ಕಿರಣಗಳು ಬರುತ್ತವೆ. ಎಡ ಬಲ ತಪ್ಪದಂತೆ ನಡೆಸುವುದು ಲೋಕಲೈಜರ್, ಸರಿಯಾದ ಇಳಿಜಾರಿನಲ್ಲಿ ಕೆಳಗಿಳಿಸುವುದು ಗ್ಲೈಡ್‌ಸ್ಲೋಪ್. ಅಪ್ರೋಚ್ ಬಟನ್ ಒತ್ತಿದರೆ ಆಟೊಪೈಲಟ್ ಎರಡನ್ನೂ ಹಿಡಿಯಲು ಸಿದ್ಧವಾಗುತ್ತದೆ. ಅದೇ ಫಲಕದ ಲೋಕಲೈಜರ್ ಬಟನ್ ಒತ್ತಿದರೆ ದಿಕ್ಕು ಮಾತ್ರ, ಇಳಿಯುವುದಿಲ್ಲ. ಯಂತ್ರ ಯಾವುದನ್ನು ಒಪ್ಪಿಕೊಂಡಿದೆ ಎಂಬುದು ಪರದೆಯ ಮೇಲ್ತುದಿಯ ಪಟ್ಟಿಯಲ್ಲಿ ಕಾಣುತ್ತದೆ. ನೀಲಿ ಅಕ್ಷರವೆಂದರೆ ಕಾಯುತ್ತಿದೆ, ಹಸಿರೆಂದರೆ ಹಿಡಿದಿದೆ. ಪೈಲಟ್ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಇದಕ್ಕೆ ಕಾಲ್‌ಔಟ್ ಎನ್ನುತ್ತೇವೆ.

ಕೌಸಲ್ಯಾಳ ಕಾಲ್‌ಔಟ್ ಕೇಳುವುದೇ ಒಂದು ಸುಖ. ತಡವರಿಕೆಯಿಲ್ಲ, ಒಂದು ಪದ ಆಚೀಚೆ ಇಲ್ಲ. ಪರೀಕ್ಷೆಗೆ ಒಂಬತ್ತು ದಿನವಿದ್ದಾಗ, ಗುರುವಾರ, ಅವಳು ಅವಸರದಲ್ಲಿ ಲೋಕಲೈಜರ್ ಬಟನ್ ಒತ್ತಿದಳು. ಒತ್ತಿದ ಉಸಿರಲ್ಲೇ "ಗ್ಲೈಡ್‌ಸ್ಲೋಪ್ ಬ್ಲೂ, ಲೋಕಲೈಜರ್ ಬ್ಲೂ" ಎಂದಳು. ಪಟ್ಟಿಯಲ್ಲಿ ಗ್ಲೈಡ್‌ಸ್ಲೋಪ್ ಇರಲೇ ಇಲ್ಲ. ಮುಂದೇನು ಮಾಡುತ್ತಾಳೆ ನೋಡೋಣ ಎಂದು ನಾನು ತಿದ್ದಲಿಲ್ಲ. ಚಕ್ರ ಇಳಿಸಿದಳು, ವೇಗ ತಗ್ಗಿಸಲು ರೆಕ್ಕೆಯ ಫ್ಲ್ಯಾಪ್ ಇಳಿಸಿದಳು, ಇಳಿಯಬೇಕಾದ ಹೊತ್ತಿಗೆ ಸರಿಯಾಗಿ "ಗ್ಲೈಡ್‌ಸ್ಲೋಪ್ ಗ್ರೀನ್" ಎಂದೂ ಹೇಳಿದಳು. ವಿಮಾನ ಅದೇ ಎತ್ತರದಲ್ಲಿ ರನ್‌ವೇ ದಾಟಿ ಬೆಟ್ಟದ ಕಡೆ ಹೋಗುತ್ತಿತ್ತು. ನಾನು ಸಿಮ್ಯುಲೇಟರ್ ನಿಲ್ಲಿಸಿದೆ.

"ಪಟ್ಟಿಯಲ್ಲಿ ಏನಿದೆ ಓದಮ್ಮ."

ಅವಳು ಓದಿದಳು. ಮುಖ ಸಣ್ಣಗಾಯಿತು. "ಸುಳ್ ಹೇಳಿಲ್ಲ ಸಾರ್. ನಿಜಮಾ ಕಂಡಂಗೇ ಇತ್ತು."

ಮೊದಲ ಪರೀಕ್ಷೆಯಲ್ಲಿ ಆದದ್ದೂ ಇದೇ ಎಂದು ಅವಳು ಆಗ ಹೇಳಿದಳು. ಮತ್ತೆ ಎರಡು ಸಲ ಮಾಡಿಸಿದೆ, ಎರಡೂ ಸಲ ಬಾಯಿ ಮುಂದೆ, ಕಣ್ಣು ಹಿಂದೆ. ಗದರಿಸಲೂ ನನ್ನಲ್ಲಿ ತ್ರಾಣವಿರಲಿಲ್ಲ. ಶಿಫಾರಸು ಮಾಡಲಾರೆ ಎಂದು ಸೋಮವಾರ ಹೇಳಿಬಿಡೋಣ ಅಂದುಕೊಂಡೆ.

ಮರುದಿನ ಶುಕ್ರವಾರ ನನ್ನ ಹೆಂಡತಿಯ ಹರಕೆ, ಆನೈಮಲೈಯ ಮಾಸಾಣಿ ಅಮ್ಮನ ಗುಡಿಗೆ ಹೋಗಿದ್ದೆವು. ಅಲ್ಲೇ ಹತ್ತಿರವಿದ್ದ ಕೌಸಲ್ಯಾಳ ಮನೆಯವರು ಬಿಡಲಿಲ್ಲ, ಊಟಕ್ಕೆ ಕರೆದುಕೊಂಡು ಹೋದರು. ಹೇಳಬಾರದ ಮಾತನ್ನು ಒಳಗಿಟ್ಟುಕೊಂಡು ಅವರ ಎಳನೀರು ಕುಡಿಯುವುದು ಸುಲಭವಲ್ಲ. ಊಟಕ್ಕೆ ಮುಂಚೆ ಪೂಜೆ. ಕೌಸಲ್ಯಾ ದೀಪದ ಮುಂದೆ ಕೂತು ಹಳೆಯ ಕನ್ನಡ ಪುಸ್ತಕ ಹಿಡಿದು ದೇವಿಯ ಹಾಡು ಹಾಡಿದಳು. ಕೊಳ್ಳೇಗಾಲದ ಕಡೆಯಿಂದ ಅವಳ ಅಜ್ಜಿ ತಂದ ಪುಸ್ತಕವಂತೆ. ನುಡಿ ಮುಗಿದಾಗ ತಪ್ಪದೆ ಪುಟ ತಿರುವುತ್ತಿದ್ದಳು. ಸಾಲು ಚೆನ್ನಾಗಿದೆಯಲ್ಲ ಎಂದು ನಾನು ಬಗ್ಗಿ ನೋಡಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ನಾನು ಕನ್ನಡ ಓದಲು ಕಲಿತಿದ್ದೆ.

"ಈ ಪುಟದಲ್ಲಿ ಈ ಹಾಡೇ ಇಲ್ಲವಲ್ಲಮ್ಮ!"

ಅವಳ ತಾಯಿ ನಕ್ಕುಬಿಟ್ಟರು. "ಯಾರಣ್ಣ ಓದ್ತಾರೆ? ಕನ್ನಡ ಎಳುತ್ತು ನಮ್ಗೆ ಯಾರ್ಗೂ ತಿಳಿಯಲ್ಲ. ನಮ್ಮತ್ತೆ ಇಂಗೇ ಹಿಡ್ಕಂಡು ಪಾಡೋರು, ನಾವೂ ಅಂಗೇ. ಎಲ್ಲಾ ಮನಪ್ಪಾಡಂ."

ಎಲ್ಲರೂ ನಕ್ಕರು, ಕೌಸಲ್ಯಾ ಒಬ್ಬಳು ನಗಲಿಲ್ಲ. ಪುಸ್ತಕವನ್ನು ನೋಡಿದಳು, ನನ್ನನ್ನು ನೋಡಿದಳು. ನಮ್ಮಮ್ಮನೂ ಹೀಗೆಯೇ ಪುಟ ತಿರುವುತ್ತಿದ್ದದ್ದು ನನಗೆ ನೆನಪಾಯಿತು. ಎಳುತ್ತು, ಅಂದರೆ ಅಕ್ಷರ, ಬಾರದ ಮನೆಗಳಲ್ಲಿ ಹಾಡು ಉಳಿದದ್ದೇ ಈ ಬಾಯಿಪಾಠದಿಂದ. ಅದನ್ನು ತಪ್ಪು ಅನ್ನಲು ನಾನ್ಯಾರು? ಆದರೆ ದೇವರು ಹೊಂದಿಸಿಕೊಳ್ಳುತ್ತಾನೆ, ಆಟೊಪೈಲಟ್ ಹೊಂದಿಸಿಕೊಳ್ಳುವುದಿಲ್ಲ.

ಸೋಮವಾರ ನಾನು ಶಿಫಾರಸಿನ ಮಾತೆತ್ತಲಿಲ್ಲ. "ಈ ವಾರ ಇಂಗ್ಲಿಷ್ ಕಾಲ್‌ಔಟ್ ಬೇಡ. ಕಂಡದ್ದನ್ನು ಮನೆ ಮಾತಲ್ಲಿ ಹೇಳು. ಕಾಣದ್ದನ್ನು ಹೇಳಬೇಡ" ಎಂದೆ. ಬಾಯಿಪಾಠ ಕಿತ್ತುಕೊಂಡ ಕೂಡಲೇ ಹುಡುಗಿ ಮೂಕಿಯಾದಳು. ಒಂದು ಪದ ಹೇಳಲು ಎಷ್ಟು ಹೊತ್ತು! ಮೊದಲ ಎರಡು ದಿನ ಅವಳ ಹಾರಾಟ ಮೊದಲಿಗಿಂತ ಕೆಟ್ಟಿತು. ಇದ್ದದ್ದನ್ನೂ ಹಾಳು ಮಾಡಿದೆನೇ ಎಂದು ಭಯವಾಯಿತು.

ಗುರುವಾರ ನಾನು ಪಕ್ಕದ ಸೀಟಿನಲ್ಲಿ ಕೂತೆ. ಅವಳು ಅಪ್ರೋಚ್ ಬಟನ್ ಒತ್ತಿ, ತಲೆಯೆತ್ತಿ ನೋಡಿ, "ಎರಡೂ ನೀಲಿ ಬಂತು" ಎಂದಳು. ಅವಳು ನಕ್ಷೆಯತ್ತ ತಿರುಗಿದಾಗ ನಾನು ಸದ್ದಿಲ್ಲದೆ ಅದೇ ಬಟನ್ ಇನ್ನೊಮ್ಮೆ ಒತ್ತಿದೆ. ಹಾಗೆ ಮಾಡಿದರೆ ಎರಡೂ ಅಳಿಸಿಹೋಗುತ್ತವೆ. ಅವಳು ತಿರುಗಿದಳು. ಬಾಯಿ ತೆರೆದಳು, ಮುಚ್ಚಿದಳು.

"ನೀಲಿ ಎರಡೂ ಕಾಣ್ಲಿಲ್ಲ ಸಾರ್. ನೀವ್ ಏನೋ ಮಾಡಿದ್ರಿ!"

ಆ ದಿನವೇ ಸಹಿ ಹಾಕಿದೆ. ಶನಿವಾರ ಅವಳು ಪಾಸಾದಳು. ಇಂಗ್ಲಿಷಿನಲ್ಲೇ ಹೇಳಿದಳಂತೆ, ನೋಡಿ ಹೇಳಿದಳಂತೆ. ಪರೀಕ್ಷಕರು ಬರೆದ ಒಂದೇ ಆಕ್ಷೇಪ, ಕಾಲ್‌ಔಟ್ ನಿಧಾನ. ಅದನ್ನು ಓದಿ ನನಗಾದಷ್ಟು ಸಂತೋಷ ಅವಳಿಗೂ ಆಗಿರಲಾರದು. ತಡವರಿಸದೆ ಹೇಳುವವರನ್ನು ಕಂಡರೆ ಅಂದಿನಿಂದ ನಾನು ಅವರ ಬಾಯಿ ಬಿಟ್ಟು ಕಣ್ಣು ನೋಡುತ್ತೇನೆ. ಇಷ್ಟು ವರ್ಷದ ಕೆಲಸ ನನಗೆ ಕೊನೆಗೆ ಕಲಿಸಿದ್ದು ಇದನ್ನೇ.

ಕೆಲವು ತಿಂಗಳ ನಂತರ ಅವಳ ತಾಯಿ ಫೋನ್ ಮಾಡಿದರು. ದೂರು ಹೇಳಲು.

"ಏನಣ್ಣ ಮಾಡಿಬಿಟ್ರಿ ಇವಳ್ಗೆ? ರಜಕ್ಕೆ ಬಂದವ್ಳು ಕನ್ನಡ ಎಳುತ್ತು ಕಲೀತಾ ಕುಂತವ್ಳೆ. ಶುಕ್ರವಾರ ಒಂದೊಂದ್ ಎಳುತ್ತಾ ಓದಿ ಪಾಡ್ತಾಳೆ. ಪಾಟು ಮುಗಿಯೋದ್ರೊಳ್ಗೆ ಕರ್ಪೂರ ಆರೋಗ್ತದೆ!"

"ಆರಲಿ ಬಿಡಮ್ಮ, ಇನ್ನೊಂದು ಹಚ್ಚಿ" ಎಂದೆ.