ಎದುರಾಳಿ ಕಂಪನಿಯ ಶಾಂತಕ್ಕ

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ ನಾನು ವಿಕ್ರೋಳಿಯ ಒಂದು ಮಿಕ್ಸರ್ ಕಂಪನಿಯಲ್ಲಿ ಅಫಿಲಿಯೇಟ್ ಮ್ಯಾನೇಜರ್ ಆಗಿದ್ದೆ. ಅಫಿಲಿಯೇಟ್ ಎಂದರೆ ಸಂಬಳವಿಲ್ಲದ ಮಾರಾಟಗಾರ. ತಮ್ಮ ವೀಡಿಯೊದ ಕೆಳಗೆ ಕಂಪನಿಯ ಲಿಂಕ್ ಹಾಕುತ್ತಾರೆ. ಅದನ್ನು ಒತ್ತಿ ಯಾರಾದರೂ ಕೊಂಡರೆ ಕಮಿಷನ್. ಹೊಸಬರನ್ನು ಹುಡುಕಿ ಪಳಗಿಸುವ ತಾಳ್ಮೆ ನಮ್ಮವರಿಗಿರಲಿಲ್ಲ. ಎದುರಾಳಿಯ ಮಿಕ್ಸರನ್ನು ಈಗಾಗಲೇ ಹೊಗಳುತ್ತಿರುವವರನ್ನೇ ಹೆಚ್ಚು ಕಮಿಷನ್ ತೋರಿಸಿ ಎಳೆದು ತರುವುದು ನನ್ನ ಕೆಲಸ. ನಿವೃತ್ತಿಯ ಹೊಸ್ತಿಲಲ್ಲಿದ್ದವನಿಗೆ ಒಪ್ಪುವ ಉದ್ಯೋಗವಲ್ಲ, ಆದರೆ ಬೇರೆ ಯಾರು ಕರೆಯುತ್ತಿದ್ದರು?

ದೀಪಾವಳಿಗೆ ಮುಂಚೆ ಬಾಸ್ ಹೇಳಿಬಿಟ್ಟರು: ಕನ್ನಡದ ದೊಡ್ಡ ಚಾನೆಲ್ ಒಂದಾದರೂ ಬರದಿದ್ದರೆ ಕನ್ನಡ ವಿಭಾಗ ಬಂದ್. ಕನ್ನಡ ವಿಭಾಗ ಎಂದರೆ ನಾನೊಬ್ಬನೇ.

ದೊಡ್ಡ ಚಾನೆಲ್ ಎಂದರೆ ಆಂಟಾಪ್ ಹಿಲ್‌ನ ಶಾಂತಕ್ಕ. ವಿಜಯಪುರದ ಕಡೆಯವರು. ಶೇಂಗಾ ಚಟ್ನಿ, ಎಣ್ಣೆಗಾಯಿ ಮಾಡಿ ತೋರಿಸುತ್ತಲೇ ಎದುರಾಳಿಯ ಮಿಕ್ಸರನ್ನು ಮನೆಮನೆಗೆ ಮುಟ್ಟಿಸಿದ್ದರು. ನನ್ನ ಮೇಲ್‌ಗಳಿಗೆ ಉತ್ತರವೇ ಇಲ್ಲ. ಕುರ್ಲಾದಲ್ಲಿ ಲೋಕಲ್ ರೈಲು ಬದಲಿಸಿ, ಬೆವರಿಳಿಸಿಕೊಂಡು ಅವರ ಮನೆಗೇ ಹೋದೆ.

ಹಾಲ್‌ನ ಮೂಲೆಯಲ್ಲಿ ಹಳೆಯ ಮಿಕ್ಸರ್‌ಗಳು ಸಾಲಾಗಿದ್ದವು. ಕಂಪನಿ ಕೊಟ್ಟವೇ ಎಂದು ಕೇಳಿದೆ.

"ಇಲ್ಲರೀ. ನನ್ನ ವೀಡಿಯೊ ನೋಡಿ ತಗೊಂಡ ಈ ಕಡೆಯವರವು, ರಿಪೇರಿಗೆ ಬಂದಾವು. ಜಾರ್ ಸೋರಿದ್ರ ಅವರು ಕಂಪನಿಗೆ ಫೋನ್ ಮಾಡೂದಿಲ್ಲ, ನನಗ ಮಾಡ್ತಾರ. 'ತಗೋ ಅಂದಾಕಿ ನೀನ' ಅಂತಾರ. ನಮ್ಮ ಮನಿಯವ್ರು ಫೋರ್ಟ್ ಕಡೆ ಆಫೀಸಿಗೆ ಹೋಗೂಮುಂದ ಸರ್ವಿಸ್ ಸೆಂಟರಿಗೆ ಮುಟ್ಟಸ್ತಾರ. ಅಲ್ಲೆ ಒಬ್ಬರು ನನ್ನ ಫೋನ್ ಎತ್ತತಾರ. ನಿಮ್ಮ ಕಡೆ ಯಾರು ಎತ್ತತಾರ?"

ನಾನು ನಮ್ಮ ಕಸ್ಟಮರ್ ಕೇರ್ ಬಗ್ಗೆ ಬಡಾಯಿ ಕೊಚ್ಚಿದೆ.

"ಫೋನ್ ಹಚ್ಚರಿ, ನೋಡೂಣು."

ಸ್ಪೀಕರ್ ಹಾಕಿದೆ. ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು. ಕನ್ನಡದ ಸುದ್ದಿಯೇ ಇಲ್ಲ. ಆಮೇಲೆ ಸಂಗೀತ. ಶಾಂತಕ್ಕ ಚಹಾ ಇಟ್ಟರು, ಕುದಿಸಿದರು, ಸೋಸಿದರು. ಕುಡಿದೂ ಆಯಿತು, ಸಂಗೀತ ನಿಲ್ಲಲಿಲ್ಲ. ನನಗೆ ನಾಚಿಕೆಯಾಯಿತು.

"ಬಿಡ್ರಿ ಅಣ್ಣಾರ. ನಮ್ಮ ಹಳ್ಳಿ ಹೆಣ್ಮಕ್ಕಳು ಇದನ್ನ ಕೇಳಕೋತ ಕೂಡತಾರೇನು?"

ಬರಿಗೈಲಿ ಹೋದರೆ ನನ್ನ ಕೆಲಸ ಹೋಯಿತು. ಫೋನ್ ಕಟ್ ಮಾಡಿದೆ. ಹುಟ್ಟೂರು ಧಾರವಾಡದ ನಾಲಿಗೆ ತಾನಾಗಿಯೇ ಹೊರಳಿತು: "ನನ್ನ ಸ್ವಂತ ನಂಬರ್ ಕೊಡತೇನ್ರಿ ಅಕ್ಕಾರ. ಯಾರು ಮಾಡಿದ್ರೂ ನಾನ ಎತ್ತತೇನಿ."

ಅವರು ನನ್ನನ್ನೇ ನೋಡಿದರು. "ನೌಕರಿ ಬಿಟ್ಟ ಮ್ಯಾಲೂ?"

"ಬಿಟ್ಟ ಮ್ಯಾಲೂ."

ಇನ್ನೇನು ಹೇಳಲಿ? ಶಾಂತಕ್ಕ ನಮ್ಮ ಕಂಪನಿಗೆ ಬಂದರು. ಹಳೆಯ ಮಿಕ್ಸರನ್ನು ಒಂದು ಮಾತೂ ಹಳಿಯದೆ ನಮ್ಮದನ್ನು ಅದರ ಪಕ್ಕ ಇಟ್ಟು ತೋರಿಸಿದರು. ಲಿಂಕಿನ ಕೆಳಗೆ ನನ್ನ ನಂಬರ್ ಹಾಕಿದರು. ಕನ್ನಡ ವಿಭಾಗ ಉಳಿಯಿತು, ನಾನು ನಿವೃತ್ತನಾಗುವವರೆಗೂ.

ಎದುರಾಳಿಯಿಂದ ಒಬ್ಬರನ್ನು ಎಳೆದುಕೊಂಡರೆ ಅವರ ಗಿರಾಕಿಗಳ ಜೊತೆಗೆ, ಆ ಗಿರಾಕಿಗಳಿಗೆ ಅವರು ಕೊಟ್ಟ ಮಾತೂ ನಮ್ಮ ಹೆಗಲಿಗೆ ಬರುತ್ತದೆ. ಕೆಲಸ ಕಲಿಸಿದ್ದು ಇಷ್ಟು. ನಿನ್ನೆಯೂ ಊಟಕ್ಕೆ ಕೂತಾಗ ಫೋನ್ ಬಂತು. "ಅಣ್ಣಾರ, ಶಾಂತಕ್ಕ ಹೇಳಿದ ಮಿಕ್ಸರ್ ರೀ, ಗುರ್ ಅಂತೈತಿ, ತಿರಗವಲ್ದು."

ಸಾಕಾಗಿದೆ, ನಿಜ. ಕೈ ತೊಳೆದುಕೊಂಡು ಬಂದು ಹೇಳಿದೆ: "ಮೊದಲ ಸ್ವಿಚ್ ಬಂದ್ ಮಾಡ್ರಿ, ತಂಗಿ. ನಾ ಲೈನಿನ್ಯಾಗ ಅದೇನಿ."