ಬಸ್ ನಿಲ್ದಾಣದ ಎರಡನೇ ಫ್ಲೆಕ್ಸ್

ನನ್ನ ಸಂಶೋಧನಾ ಪ್ರಬಂಧದಲ್ಲಿದ್ದ ತಪ್ಪು ನನ್ನ ಕಣ್ಣಿಗೆ ಬಿದ್ದದ್ದು ಪ್ರಯೋಗಾಲಯದಲ್ಲಲ್ಲ, ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ. ಕ್ಯಾನ್ಸರ್ ಕೋಶಗಳ ಬಗ್ಗೆ ನಾನು ಬರೆದ ಮೊದಲ ಪ್ರಬಂಧ ವಿದೇಶದ ಪತ್ರಿಕೆಯಲ್ಲಿ ಅಚ್ಚಾದಾಗ, ಮಾಂಬಳ್ಳಿಯ ನನ್ನ ಸೋದರಮಾವ ನನ್ನನ್ನು ಒಂದು ಮಾತೂ ಕೇಳದೆ ಅಲ್ಲೊಂದು ಫ್ಲೆಕ್ಸ್ ಕಟ್ಟಿಸಿದ್ದರು. ನಮ್ಮ ಕಡೆ ಪಂಚಾಯ್ತಿ ಗೆದ್ದರೂ ಫ್ಲೆಕ್ಸ್, ಹುಟ್ಟುಹಬ್ಬಕ್ಕೂ ಫ್ಲೆಕ್ಸ್. ಕೋಶಗಳಿಗೆ ಕಟ್ಟಿಸಿದವರು ಮಾವ ಒಬ್ಬರೇ ಇರಬೇಕು.

ನನ್ನ ಮುಖದ ಪಕ್ಕದಲ್ಲಿ ಪ್ರಬಂಧದ ನಾಲ್ಕು ಚಿತ್ರಗಳು, ಒಂದೊಂದೂ ಕಿಟಕಿಯಷ್ಟು ದೊಡ್ಡದು. ಔಷಧ ಹೆಚ್ಚಿಸಿದ ಹಾಗೆಲ್ಲ ಕೋಶಗಳು ಸಾಯುವುದನ್ನು ಅವು ತೋರಿಸಬೇಕಿತ್ತು. ಹನೂರಿನ ಬಸ್ಸಿಗೆ ಕಾಯುತ್ತಾ ನೋಡುತ್ತಿದ್ದೆ. ಮೂರನೆಯದೂ ನಾಲ್ಕನೆಯದೂ ಒಂದೇ ಚಿತ್ರ. ಒಂದು ತಲೆಕೆಳಗಾಗಿತ್ತು, ಅಷ್ಟೆ. ಬೇಕೆಂದು ಮಾಡಿದ ಮೋಸವಲ್ಲ. ಗಡಿಬಿಡಿಯಲ್ಲಿ ಕಂಪ್ಯೂಟರಿನಲ್ಲಿ ಕೈಗೆ ಸಿಕ್ಕ ಫೈಲನ್ನೇ ಸರಿಯಾಗಿ ನೋಡದೆ ಹಾಕಿದ್ದೆ. ಆದರೂ ಅಷ್ಟು ಜನರ ಮಧ್ಯೆ ಮುಖ ಮುಚ್ಚಿಕೊಳ್ಳೋಣ ಅನ್ನಿಸಿತು.

ನಿಜವಾದ ನಾಲ್ಕನೆಯ ಚಿತ್ರ ಹುಡುಕಿ, ಪತ್ರಿಕೆಗೆ ಬರೆದು, ತಿದ್ದುಪಡಿ ಹಾಕಿಸಿದೆ. ಮುಖ ನೋಡದ ಸಂಪಾದಕರ ಮುಂದೆ ತಪ್ಪೊಪ್ಪಿಕೊಳ್ಳುವುದು ಕಷ್ಟವಾಗಲಿಲ್ಲ. ಮಾವನಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ. "ಸ್ವಲ್ಪ ತಿದ್ದಿ ಮತ್ತೆ ಹಾಕವ್ರೆ ಮಾವ, ಆ ಹಳೇದ ತೆಗ್ಸಿಬುಡಿ" ಎಂದು ಫೋನಿನಲ್ಲಿ ತೇಲಿಸಿಬಿಟ್ಟೆ.

ಮಾವ ತೆಗೆಸಿದರು. ಮುಂದಿನ ಸಲ ಊರಿಗೆ ಹೋದಾಗ ಅವರೇ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದರು, ಹೊಸ ಫ್ಲೆಕ್ಸಿನ ಕೆಳಗೆ. ಇದು ಇನ್ನೂ ದೊಡ್ಡದು: 'ಎರಡನೇ ಬಾರಿಗೂ ವಿದೇಶಿ ಪತ್ರಿಕೆಯಲ್ಲಿ ನಮ್ಮ ಹೆಮ್ಮೆಯ ಮಗಳು.' ಪಕ್ಕದಲ್ಲಿ ಅವೇ ನಾಲ್ಕು ಚಿತ್ರಗಳು.

"ಈ ಚಿತ್ರಗಳ್ನೇ ಯಾಕ್ ಹಾಕ್ಸುದ್ರಿ ಮಾವ?"

"ಫ್ಲೆಕ್ಸ್ ಅಂಗಡೀಲಿ ಅಳೇ ಫೈಲ್ ಇತ್ತು ಕಣವ್ವ. ಇರದ್ನೇ ಆಕ್ಬುಡು ಅಂತ ನಾನೇ ಅಂದಿ."

ನಾನು ಮಾಡಿದ್ದೂ ಅದನ್ನೇ. ಅವರನ್ನು ಬೈಯಲು ನನಗೆ ಯಾವ ಮುಖವಿತ್ತು? ಅಲ್ಲೇ ನಿಂತು, ತಲೆ ಎತ್ತದೆ, ಎಲ್ಲವನ್ನೂ ಹೇಳಿದೆ.

ಮಾವ ಕತ್ತು ಓರೆ ಮಾಡಿ ಮೂರನೆಯ ಚಿತ್ರ ನೋಡಿದರು, ಆಮೇಲೆ ನಾಲ್ಕನೆಯದು. "ಫೋನಲ್ಲೇ ಏಳ್ಬಾರ್ದಾಗಿತ್ತಾ ಕೂಸೇ? ನಾನೇನ್ ಬೈತಿದ್ನಾ?" ಎಂದರು. ಬೈದಿದ್ದರೇ ಚೆನ್ನಾಗಿರುತ್ತಿತ್ತು.

ಪಂಚೆ ಎತ್ತಿ ಕಟ್ಟಿಕೊಂಡು, ಪಕ್ಕದ ಹೂವಿನ ಅಂಗಡಿಯ ಸ್ಟೂಲು ಎಳೆದು ಹತ್ತಿ, ತಾವೇ ಹಗ್ಗ ಬಿಚ್ಚತೊಡಗಿದರು. ಅಂಗಡಿಯವರು ಹೊರಗೆ ಬಂದರು. "ಯಾಕ್ ಯಜಮಾನ್ರೇ, ಮೊನ್ನೆ ತಾನೆ ಕಟ್ಸುದ್ರಿ?"

"ಗಾಳೀಗೆ ಅರ್ದೋಗದೆ ಕಣಪ್ಪ" ಎಂದರು ಮಾವ, ನನ್ನತ್ತ ನೋಡದೆ.

ಫ್ಲೆಕ್ಸು ಎಲ್ಲೂ ಹರಿದಿರಲಿಲ್ಲ. ಅದರ ಇನ್ನೊಂದು ತುದಿಯನ್ನು ನಾನು ಹಿಡಿದುಕೊಂಡೆ.